ತೊಲೆ ಬಗ್ಗಿತ್ತೋ, ಲೆನ್ಸ್ ಬಗ್ಗಿಸಿತ್ತೋ

ಊರಿನ ಹಳೆಯ ಮನೆಯ ಜಗಲಿಗೆ 12 ಅಡಿ ಉದ್ದದ ಮರದ ತೊಲೆ ಇದೆ. ಅದು ಜಗ್ಗಿದೆಯೆಂದು ಅನುಮಾನ ಬಂದು, ಬೇರೆ ಊರಿನಲ್ಲಿದ್ದ ಆಚಾರಿಗೆ ಕಳಿಸಲು ಫೋಟೊ ತೆಗೆದೆ. ನೋಡಿದ ದೊಡ್ಡಪ್ಪ ನಕ್ಕುಬಿಟ್ಟರು. ತೊಲೆ ಬಿಲ್ಲಿನಂತೆ ನಡುವೆ ಮೇಲಕ್ಕೆದ್ದಿತ್ತು. “ಅಟ್ಟದ ಭಾರ ಹೊತ್ತ ತೊಲೆ ಮೇಲಕ್ಕೆ ಬಗ್ಗುವುದುಂಟೇನೋ?”

ತಪ್ಪು ಲೆನ್ಸಿನದು. ನನ್ನದು 18-55 ಜೂಮ್. ನೋಟ ಅತಿ ಅಗಲವಾಗುವ 18 ಮಿಲಿಮೀಟರಿನಲ್ಲಿ ಚಿತ್ರ ಪೀಪಾಯಿಯ ಹೊಟ್ಟೆಯಂತೆ ಉಬ್ಬುತ್ತದೆ. ಮೇಲಂಚಿನ ಗೆರೆ ಮೇಲಕ್ಕೆ, ಕೆಳಗಂಚಿನದು ಕೆಳಕ್ಕೆ. ಹಲವು ಲೆನ್ಸುಗಳಿಗೆ ಲೆನ್ಸ್‌ಫನ್ ಎಂಬ ಉಚಿತ ದತ್ತಸಂಗ್ರಹದಲ್ಲಿ ಈ ಉಬ್ಬು ತಿದ್ದುವ ಸಿದ್ಧ ಅಂಕಿಗಳು ಸಿಗುತ್ತವೆ. ನನ್ನ ಹಳೆಯ ಲೆನ್ಸ್ ಅದರಲ್ಲಿ ಇರಲಿಲ್ಲ. ಹಾಗಾಗಿ ಪನೋರಮಾ ಜೋಡಿಸಲು ಬಳಸುತ್ತಿದ್ದ ಹ್ಯೂಗಿನ್ ತಂತ್ರಾಂಶದಲ್ಲೇ ಅಳೆಯಲು ಕುಳಿತೆ.

ಹ್ಯೂಗಿನ್‌ನ ಅಡಿಯಲ್ಲಿರುವುದು ಜರ್ಮನಿಯ ಹೆಲ್ಮುಟ್ ಡೆರ್ಶ್ ಅವರ ಪನೋರಮಾ ಟೂಲ್ಸ್‌ನ ಸೂತ್ರ. ಚಿತ್ರದ ನಡುವಿನಿಂದ ದೂರ ಹೋದಷ್ಟೂ ಬಿಂದು ಎಷ್ಟು ಜರುಗುತ್ತದೆ ಎಂಬುದನ್ನು a, b, c ಎಂಬ ಮೂರು ಅಂಕಿಗಳು ಹೇಳುತ್ತವೆ. ಸಾಮಾನ್ಯ ಉಬ್ಬಿಗೆ b ಒಂದೇ ಸಾಕು. ಗೆರೆ ಮೀಸೆಯಂತೆ ಅಲೆಯಾಡಿದರೆ ಮಾತ್ರ a, c ಬೇಕು. ಇದು ನನಗೆ ತಡವಾಗಿ ತಿಳಿಯಿತು.

ಮೊದಲ ಸಲ ಅಂಗಳದಲ್ಲಿ ನಿಂತು, ಕೈಯಲ್ಲೇ ಕ್ಯಾಮೆರಾ ಹಿಡಿದು, ಒಂದರ ಮೇಲೊಂದು ಹಾಯುವ ಆರು ಫೋಟೊ ತೆಗೆದು, ಮೂರೂ ಅಂಕಿಗಳನ್ನು ಒಟ್ಟಿಗೆ ಲೆಕ್ಕಹಾಕಲು ಬಿಟ್ಟೆ. ಸರಾಸರಿ ದೋಷ ಚಿಕ್ಕದಾಗಿಯೇ ಬಂತು, ನಾನು ಹಿಗ್ಗಿದೆ. ಆದರೆ b ದೊಡ್ಡ ಋಣಸಂಖ್ಯೆ, c ಅಷ್ಟೇ ದೊಡ್ಡ ಧನಸಂಖ್ಯೆ, ಒಂದನ್ನೊಂದು ಕಾಲೆಳೆಯುತ್ತಿದ್ದವು. ಸರಿಪಡಿಸಿದ ಚಿತ್ರದಲ್ಲಿ ತೊಲೆ ಹಾವಿನಂತೆ ಹರಿದಿತ್ತು. ಕೈಯ ಓಲಾಟದಿಂದ ಹತ್ತಿರದ ಕಂಬ ದೂರದ ಗೋಡೆಯ ಮುಂದೆ ಜಾಗ ಬದಲಿಸಿದ್ದನ್ನು ತಂತ್ರಾಂಶ ಲೆನ್ಸಿನ ತಲೆಗೆ ಕಟ್ಟಿತ್ತು.

ಹ್ಯೂಗಿನ್ ಜೊತೆಗೇ ಬರುವ, ನೇರ ಗೆರೆಗಳನ್ನು ತಾನೇ ಹುಡುಕುವ ಉಪಕರಣಕ್ಕೆ ಬೀದಿಯ ಫೋಟೊ ಕೊಟ್ಟು ನೋಡಿದೆ. ಅದು ಜೋತುಬಿದ್ದ ಕರೆಂಟ್ ತಂತಿಯನ್ನೂ ನೇರವೆಂದು ಆರಿಸಿಕೊಂಡಿತು. ಹಳೆಯ ಮನೆಯ ಕಂಬ, ಬಾಗಿಲುವಾಡಗಳನ್ನಂತೂ ನಂಬುವಂತಿರಲಿಲ್ಲ. ಅನುಮಾನ ಇದ್ದದ್ದೇ ಅವುಗಳ ಮೇಲೆ.

ಖಂಡಿತ ನೇರವಾದದ್ದು ಬೇಕಾದಾಗ ನೆನಪಾದದ್ದು ಗಾರೆ ಮೇಸ್ತ್ರಿಯ ತೂಗುಗುಂಡು. (ಅಮೆರಿಕದ ಡ್ಯೂಯೇನ್ ಬ್ರೌನ್ 1971ರಲ್ಲೇ ಇಂಥ ದಾರಗಳಿಂದ ಲೆನ್ಸ್ ಅಳೆಯುವ ವಿಧಾನವನ್ನು ಪ್ರಕಟಿಸಿದ್ದರೆಂದು ಆಮೇಲೆ ಓದಿ ತಿಳಿದೆ.) ಮಹಡಿಯ ಕಟಾಂಜನದಿಂದ ಐದು ಬಿಳಿ ನೈಲಾನ್ ದಾರಗಳಿಗೆ ಕಲ್ಲು ಕಟ್ಟಿ ಇಳಿಬಿಟ್ಟೆ. ಹಿಂದೆ ಮೂರು ಕರಿಯ ಕಂಬಳಿ. ಗಾಳಿಗೆ ದಾರ ತೂಗುತ್ತಿತ್ತು. ಕಲ್ಲುಗಳನ್ನು ನೀರು ತುಂಬಿದ ಬಕೆಟ್‌ಗಳಲ್ಲಿ ಮುಳುಗಿಸಿದ ಮೇಲೆ ಸುಮ್ಮನಾಯಿತು. ಅಡ್ಡ ಕಟ್ಟಿದ ದಾರ ತನ್ನ ಭಾರಕ್ಕೇ ಜಗ್ಗುತ್ತದೆ. ಆದ್ದರಿಂದ ದಾರಗಳನ್ನೆಲ್ಲ ಲಂಬವಾಗಿಯೇ ಬಿಟ್ಟು, ಅವು ಚಿತ್ರದ ಉದ್ದಂಚಿಗೆ ಸಮನಾಗುವಂತೆ ಕ್ಯಾಮೆರಾವನ್ನೇ ನೆಟ್ಟಗೆ ತಿರುಗಿಸಿದೆ. ಸೂತ್ರದ ಅಳತೆಗೋಲು ಚಿತ್ರದ ಗಿಡ್ಡ ಬದಿಯ ಅರ್ಧ. ಹಾಗಾಗಿ ನೆಟ್ಟಗೆ ತೆಗೆದು ಕಂಡುಕೊಂಡ b ಅಡ್ಡ ಚಿತ್ರಕ್ಕೂ ಸಲ್ಲುತ್ತದೆ.

ಹೊರಗಿನ ಎರಡು ದಾರಗಳು ಅಂಚಿಗೆ ಒತ್ತಿಕೊಂಡಿರಬೇಕು, ಉಬ್ಬು ಕಾಣುವುದೇ ಅಲ್ಲಿ. ಫೋಕಸ್ ದೂರ ಬದಲಾದರೆ ಉಬ್ಬೂ ತುಸು ಬದಲಾಗುವುದರಿಂದ, ತೊಲೆಯ ಫೋಟೊಗೂ ದಾರದ ಫೋಟೊಗೂ ಟ್ರೈಪಾಡನ್ನು 10 ಅಡಿ ದೂರದಲ್ಲೇ ಇಟ್ಟೆ. ಕ್ಯಾಮೆರಾ ತಾನೇ ಉಬ್ಬು ತಿದ್ದುವ ಆಯ್ಕೆಯನ್ನು ಮರೆಯದೆ ಆಫ್ ಮಾಡಿ. ನಾನು ಒಮ್ಮೆ ಮರೆತು, b ಸೊನ್ನೆಯ ಹತ್ತಿರ ಬಂದಾಗ ಒಂದು ಸಂಜೆಯೆಲ್ಲ ತಲೆ ಕೆರೆದುಕೊಂಡೆ.

ಹ್ಯೂಗಿನ್‌ನ ನಿಯಂತ್ರಣ ಬಿಂದುಗಳ ಪುಟದಲ್ಲಿ ಎಡಕ್ಕೂ ಬಲಕ್ಕೂ ಒಂದೇ ಚಿತ್ರ ತೆರೆದು, ‘ಹೊಸ ಗೆರೆ’ ಆರಿಸಿ, ಪ್ರತಿ ದಾರದ ಮೇಲೂ ತುದಿಯಿಂದ ತುದಿಗೆ ಎಂಟು ಹತ್ತು ಜೋಡಿ ಬಿಂದು ಇಟ್ಟೆ. ಪ್ರತಿ ದಾರಕ್ಕೂ ಬೇರೆ ಗೆರೆ ಸಂಖ್ಯೆ. ಎರಡು ದಾರ ಒಂದೇ ಸಂಖ್ಯೆಯಡಿ ಸೇರಿದರೆ ಲೆಕ್ಕವೆಲ್ಲ ಕೆಡುತ್ತದೆ. ಔಟ್‌ಪುಟ್ ಪ್ರಕ್ಷೇಪ (ನೋಟವನ್ನು ಸಪಾಟು ಚಿತ್ರಕ್ಕೆ ಇಳಿಸುವ ಬಗೆ) ರೆಕ್ಟಿಲೀನಿಯರ್ ಇರಬೇಕು, ಉಳಿದ ಪ್ರಕ್ಷೇಪಗಳಲ್ಲಿ ನೇರ ಗೆರೆ ನೇರವಾಗಿ ಉಳಿಯುವುದಿಲ್ಲ. ನೋಟದ ಕೋನವನ್ನು ಸೂಚಿಸುವ v ಮುಟ್ಟಬಾರದು, ಗೆರೆಗಳಿಂದ ಅದು ತಿಳಿಯುವುದಿಲ್ಲ. b ಒಂದನ್ನೇ ಲೆಕ್ಕಕ್ಕೆ ಬಿಟ್ಟಾಗ -0.023 ಬಂತು, ದೋಷ 1 ಪಿಕ್ಸೆಲ್‌ಗಿಂತ ಕಡಿಮೆ. a, c ಸೇರಿಸಿದರೂ ಹೆಚ್ಚೇನೂ ಇಳಿಯಲಿಲ್ಲ, ಕೈಬಿಟ್ಟೆ. ದಾರಗಳನ್ನು ಜರುಗಿಸಿ ಇನ್ನೊಂದು ಫೋಟೊ ತೆಗೆದು ಅದೇ ಅಂಕಿ ಹಾಕಿದಾಗಲೂ ಗೆರೆಗಳು ನೇರವಾಗಿದ್ದವು.

ಅದೇ b ಹಾಕಿ ತೊಲೆಯ ಫೋಟೊ ತಿದ್ದಿದೆ. ಬಿಲ್ಲು ಮಾಯವಾಯಿತು, ತೊಲೆ ಮಾತ್ರ ನೇರವಾಗಲಿಲ್ಲ. ತುದಿಯಿಂದ ತುದಿಗೆ ಗೆರೆ ಎಳೆದು ನೋಡಿದರೆ ನಡುವೆ 29 ಪಿಕ್ಸೆಲ್ ಕೆಳಗಿತ್ತು. 12 ಅಡಿಗೆ ಸುಮಾರು 5,500 ಪಿಕ್ಸೆಲ್ ಎಂದರೆ, ಹತ್ತಿರ ಹತ್ತಿರ ಮುಕ್ಕಾಲು ಇಂಚು. ಲೆನ್ಸಿನ ಉಬ್ಬು ಅದನ್ನು ಮುಚ್ಚಿಟ್ಟಿತ್ತು.

ದೊಡ್ಡಪ್ಪ ಎಲ್ಲವನ್ನೂ ಕೇಳಿಸಿಕೊಂಡು, “ಆ ದಾರವನ್ನೇ ತೊಲೆಗೆ ಬಿಗಿಯಾಗಿ ಹಿಡಿದು ನೋಡಬಹುದಿತ್ತಲ್ಲೋ” ಎಂದರು. ಮರುವಾರ ಬಂದ ಆಚಾರಿ ಮಾಡಿದ್ದೂ ಅದನ್ನೇ. ಅವನ ಅಳತೆಯಲ್ಲೂ ಮುಕ್ಕಾಲು ಇಂಚೇ ಬಂತು.