ಕಲಬುರಗಿಯಿಂದ ಎಂ87 ನೋಡುವ ಬಗೆ

2019ರಲ್ಲಿ ಮೊದಲ ಬಾರಿ ಚಿತ್ರ ಸಿಕ್ಕ ಕಪ್ಪುಕುಳಿ (ಬ್ಲ್ಯಾಕ್ ಹೋಲ್) ಇರುವುದು ಎಂ87 ಗ್ಯಾಲಕ್ಸಿಯ ನಡುವೆ. ಅದರ ತೂಕ ಸುಮಾರು 650 ಕೋಟಿ ಸೂರ್ಯರಷ್ಟು. ಕುಳಿ ಕಾಣುವುದಿಲ್ಲ, ಗ್ಯಾಲಕ್ಸಿ ಕಾಣುತ್ತದೆ.

ಏಪ್ರಿಲ್ ಕೊನೆಯಲ್ಲಿ, ಚಂದ್ರನಿಲ್ಲದ ರಾತ್ರಿ, 6 ಇಂಚು ಬಾಯಗಲದ ದೂರದರ್ಶಕ ಸಾಕು. ಶಹಾಬಾದ್ ಕಲ್ಲಿನ ಮಾಳಿಗೆ ಬೇಡ. ಹಗಲೆಲ್ಲ ಕಾದ ಕಲ್ಲು ರಾತ್ರಿ ಬಿಸಿ ಉಗುಳಿ ನೋಟವನ್ನು ನಡುಗಿಸುತ್ತದೆ. ರಾಶಿ ಮುಗಿದ ತೊಗರಿ ಹೊಲವೇ ಒಳ್ಳೆಯದು.

ಸಿಂಹ ರಾಶಿಯ ಬಾಲದಲ್ಲಿರುವ ಉತ್ತರಾ (ಡೆನೆಬೋಲಾ) ನಕ್ಷತ್ರದಿಂದ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್‌ಗೆ ಗೆರೆ ಎಳೆದುಕೊಳ್ಳಿ. 25 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿ ನಟ್ಟನಡುವೆ ನೋಡಿದರೆ ಎಂ84, ಎಂ86 ಗ್ಯಾಲಕ್ಸಿಗಳ ಜೋಡಿ ಸಿಗುತ್ತದೆ. ಅಲ್ಲಿಂದ ವಿಂಡೆಮಿಯಾಟ್ರಿಕ್ಸ್ ಕಡೆಗೆ ಒಂದೂವರೆ ಡಿಗ್ರಿ, ಅಂದರೆ ಮೂರು ಹುಣ್ಣಿಮೆ ಚಂದ್ರರ ಅಗಲದಷ್ಟು, ಸರಿದರೆ ಎಂ87. 10.30ರ ಸುಮಾರಿಗೆ ಅದು ನೆತ್ತಿಗೇ ಬರುವುದರಿಂದ ಡಾಬ್ಸೋನಿಯನ್ (ನೆಲದ ಪೀಠದ ಮೇಲೆ ತಿರುಗುವ ದೂರದರ್ಶಕ) ತಿರುಗಿಸುವುದು ಕಷ್ಟ, 9ಕ್ಕೇ ಹುಡುಕಿ. ನೇರ ದಿಟ್ಟಿಸಬೇಡಿ, ಓರೆಗಣ್ಣಿಗೇ ಮಸುಕು ಬೆಳಕು ಹೆಚ್ಚು ಸಿಗುತ್ತದೆ.

ಕಾಣುವುದು ಸುರುಳಿಯಿಲ್ಲದ ದುಂಡು ಮಬ್ಬು, ನಡುವೆ ತುಸು ಹೊಳಪು. ಕಪ್ಪುಕುಳಿಯ ಬಳಿಯಿಂದ ಚಿಮ್ಮುವ ಜೆಟ್‌ಗಳು (ಕಣಗಳ ರಭಸದ ಧಾರೆಗಳು) ಸುತ್ತಲಿನ ಅನಿಲವನ್ನು ಕಾಯಿಸುತ್ತಲೇ ಇರುತ್ತವೆ. ತಣಿಯದ ಅನಿಲ ಕುಸಿದು ನಕ್ಷತ್ರವಾಗದು. ಆ ಮಬ್ಬಿನ ಬೆಳಕು ಬಹುಪಾಲು ಮುದಿ ನಕ್ಷತ್ರಗಳದ್ದೇ.