ತಲಬಾಗಿಲು ತೆಗೆದರೂ ಕೋಣೆಗೆ ಕೀಲಿ: ಎರಡು ಕಂಪ್ಯೂಟರ್ ನಡುವೆ ಫೋಲ್ಡರ್ ಹಂಚಿಕೊಂಡ ನನ್ನ ಅನುಭವ

"ಏನ್ರಿ, ಮತ್ತ ಓಪನ್ ಆಗವಲ್ದು ನೋಡ್ರಿ!"

ಮೇಲಿನ ಕೋಣೆಯಿಂದ ನಮ್ಮಾಕಿ ಕೂಗಿದಾಗ ನಾನು ಕೆಳಗೆ ಒಂದು ಲಗ್ನಪತ್ರಿಕೆಯ ತಲೆಗೆ ಗಣಪತಿ ಕೂಡಿಸುತ್ತಿದ್ದೆ. ಅವತ್ತು ಅದು ಆರನೆಯ ಕೂಗು. ಪೆನ್ ಡ್ರೈವ್ ಹಿಡಿದು ಮೆಟ್ಟಿಲು ಹತ್ತಿದೆ. ಪ್ರತಿ ಸಲ ಹೀಗೆಯೇ ಹತ್ತಿ ಇಳಿಯುವುದಾದರೆ ಹೊಸ ಕಂಪ್ಯೂಟರ್ ತಂದದ್ದು ಯಾಕೆ ಅನಿಸಿತು.

ನಮ್ಮದು ಬಾಗಲಕೋಟೆಯ ನವನಗರ. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಅಪ್ಪ ಇಲ್ಲಿ ಮನೆ ಕಟ್ಟಿಸಿದರು. ಕೆಳಗಿನ ಮುಂದಿನ ಕೋಣೆಯಲ್ಲಿ ನನ್ನ ಡಿಟಿಪಿ ಕೆಲಸ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಫ್ಲೆಕ್ಸ್ ಡಿಸೈನ್, ಹೀಗೆ. ಪ್ರೂಫ್ ನೋಡುವುದು, ಪ್ರಿಂಟ್ ತೆಗೆಯುವುದು ನಮ್ಮಾಕಿ. ಕೆಳಗಿರುವುದು ವಿಂಡೋಸ್ 10ರ ಹಳೇ ಡೆಸ್ಕ್‌ಟಾಪ್. ಅದರ ಡಿ ಡ್ರೈವ್ ಇನ್ನೂ ಹಳೆಯದು. ಸತ್ತುಹೋದ ಮತ್ತೊಂದು ಕಂಪ್ಯೂಟರಿನಿಂದ ಬಿಚ್ಚಿ ಹಾಕಿದ್ದು. ಮೇಲಿನದು ಹೊಸತು, ವಿಂಡೋಸ್ 11 ಪ್ರೊ. ಕೆಳಗಿನ ಡಿ ಡ್ರೈವ್‌ನಲ್ಲಿ 'ಕೆಲಸ' ಅಂತ ಒಂದು ಫೋಲ್ಡರ್ ಇದೆ. ಅದು ಮೇಲೆ ತೆರೆಯಬೇಕು, ಅಲ್ಲೇ ತಿದ್ದಿ ಸೇವ್ ಮಾಡಲು ಬರಬೇಕು. ಕೇಳಿದ್ದು ಇಷ್ಟೇ. ಇದಕ್ಕೆ ಮೂರು ದಿನ ಹೋಯಿತು.

ವಿಂಡೋಸ್ 7ರ ಕಾಲದಲ್ಲಿ ಮನೆಯ ಕಂಪ್ಯೂಟರುಗಳ ನಡುವೆ ಫೈಲ್ ಹಂಚಿಕೊಳ್ಳಲು ಹೋಮ್‌ಗ್ರೂಪ್ ಅಂತ ಒಂದಿತ್ತು. ಒಂದು ಪಾಸ್‌ವರ್ಡ್ ಕೊಟ್ಟರೆ ಮುಗಿಯಿತು. 2018ರಲ್ಲಿ ವಿಂಡೋಸ್ 10ರಿಂದ ಅದನ್ನು ತೆಗೆದರು. ನಾನು ಅದರ ಗುಂಗಿನಲ್ಲೇ ಇದ್ದೆ.

ಮೊದಲ ದಿನದ ಸಮಸ್ಯೆಗೂ ಪರ್ಮಿಷನ್‌ಗೂ ಸಂಬಂಧವೇ ಇರಲಿಲ್ಲ. ಮೇಲಿನ ಕಂಪ್ಯೂಟರಿನಲ್ಲಿ ನೆಟ್‌ವರ್ಕ್ ತೆರೆದರೆ ಕೆಳಗಿನದರ ಹೆಸರೇ ಇಲ್ಲ. ಹೆಸರು ಟೈಪ್ ಮಾಡಿದರೆ 80070035 ಅಂತ ಮುಗಿಯುವ ಎರರ್ ನಂಬರ್. ದಾರಿಯೇ ಸಿಗಲಿಲ್ಲ ಅಂತ ಅದರ ಅರ್ಥ. ನಾನು ಮಾತ್ರ ಕೆಳಗೆ ಕೂತು ಪರ್ಮಿಷನ್ ಮೇಲೆ ಪರ್ಮಿಷನ್ ಕೊಡುತ್ತಿದ್ದೆ! ದಾರಿಯೇ ಇಲ್ಲದ ಮನೆಗೆ ಬಾಗಿಲು ತೆರೆದಿಟ್ಟರೆ ಯಾರು ಬರುತ್ತಾರೆ?

ಅಣ್ಣನ ಮಗ ಇಂಜಿನಿಯರಿಂಗ್ ಓದುತ್ತಾನೆ. ಸಂಜೆ ಚಹಾಕ್ಕೆ ಬಂದವನು "ಕಾಕಾ, ಮೊದ್ಲ ಎರಡೂ ಕಡೆ ಐಪಿ ನೋಡ್ರಿ" ಅಂದ. ಐಪಿ ಅಂದರೆ ನೆಟ್‌ವರ್ಕ್‌ನಲ್ಲಿ ಪ್ರತಿ ಕಂಪ್ಯೂಟರಿಗೆ ಇರುವ ವಿಳಾಸದ ನಂಬರ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಪಿಕಾನ್ಫಿಗ್ ಹೊಡೆದೆವು. ಕೆಳಗೆ 192.168.1.5, ಮೇಲೆ 192.168.0.102. ಮೂರನೆಯ ಅಂಕಿ ಬೇರೆ, ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿವೆ. ಮೇಲೆ ವೈಫೈ ಬರುವುದಿಲ್ಲ ಅಂತ ಹೋದ ವರ್ಷ ಹಳೇ ರೌಟರ್ ಒಂದನ್ನು ಅಲ್ಲಿ ಜೋಡಿಸಿದ್ದೆ. ಅದು ತನ್ನದೇ ಬೇರೆ ಸಂಸಾರ ಹೂಡಿಕೊಂಡಿತ್ತು. ಇಂಟರ್ನೆಟ್ ಬರುತ್ತಿತ್ತು, ಹಾಗಾಗಿ ನನಗೆ ಅನುಮಾನವೇ ಬಂದಿರಲಿಲ್ಲ. ಮೇಲಿನ ರೌಟರನ್ನು ಆಕ್ಸೆಸ್ ಪಾಯಿಂಟ್ ಮೋಡ್‌ಗೆ, ಅಂದರೆ ಬೇರೆ ಸಂಸಾರ ಹೂಡದೆ ಬರೀ ವೈಫೈ ಕೊಡುವಂತೆ ಹಾಕಿ, ಎರಡೂ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದ ಮೇಲೆ ಎರಡೂ 192.168.1ಕ್ಕೆ ಬಂದವು. ನಿಮ್ಮ ರೌಟರಿನಲ್ಲಿ ಆ ಮೋಡ್ ಇಲ್ಲದಿದ್ದರೆ ಐಪಿ ನಂಬರ್ ಹಂಚುವ ಅದರ ಡಿಎಚ್‌ಸಿಪಿ ಆಫ್ ಮಾಡಿ, ಇಂಟರ್ನೆಟ್‌ಗೆ ಅಂತ ಇರುವ ವ್ಯಾನ್ ಪೋರ್ಟ್ ಬಿಟ್ಟು ಲ್ಯಾನ್ ಪೋರ್ಟ್‌ಗೇ ಕೇಬಲ್ ಚುಚ್ಚಿದರೂ ಆಗುತ್ತದೆ.

ಆದರೂ ಕಾಣಲಿಲ್ಲ. ರೌಟರಿನ ಸೆಟ್ಟಿಂಗ್ ಬದಲಾದ ಕೂಡಲೇ ವಿಂಡೋಸ್ ಇದು ಯಾವುದೋ ಹೊಸ ನೆಟ್‌ವರ್ಕ್ ಅಂದುಕೊಂಡು ಪಬ್ಲಿಕ್ ಮಾಡಿಬಿಟ್ಟಿತ್ತು. ಅಂದರೆ ನಮ್ಮ ಮನೆಯೂ ಬಸ್‌ಸ್ಟ್ಯಾಂಡಿನ ವೈಫೈಯೂ ಅದಕ್ಕೆ ಒಂದೇ. ಎರಡೂ ಕಡೆ ಸೆಟ್ಟಿಂಗ್ಸ್‌ಗೆ ಹೋಗಿ ಪ್ರೈವೇಟ್ ಮಾಡಿ, ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಆನ್ ಮಾಡಿದೆವು. ಕೆಳಗಿನದರ ಹೆಸರು ಮೇಲೆ ಮೂಡಿತು. ಅವತ್ತಿಗೆ ಅಷ್ಟೇ.

ಎರಡನೆಯ ದಿನ ಯೂಸರ್‌ನೇಮ್, ಪಾಸ್‌ವರ್ಡ್ ಕೇಳಿತು. ಕೆಳಗಿನ ಕಂಪ್ಯೂಟರಿಗೆ ನಾನು ದಿನಾ ಹೊಡೆಯುವುದು ನಾಲ್ಕಂಕಿಯ ಪಿನ್. ಅದನ್ನೇ ಹೊಡೆದೆ. ತಪ್ಪು ಅಂತು. ಮತ್ತೆ ಹೊಡೆದೆ. ಮತ್ತೆ ತಪ್ಪು. ಪಿನ್ ಅನ್ನುವುದು ಆ ಒಂದು ಯಂತ್ರದ ಎದುರು ಕೂತವನಿಗೆ ಮಾತ್ರ. ನೆಟ್‌ವರ್ಕ್‌ನಿಂದ ಬರುವವರಿಗೆ ಅಕೌಂಟಿನ ಪೂರ್ತಿ ಪಾಸ್‌ವರ್ಡೇ ಬೇಕು. ಪಾಸ್‌ವರ್ಡೇ ಇಲ್ಲದ ಅಕೌಂಟ್ ಆದರೂ ಕಷ್ಟವೇ. ಖಾಲಿ ಪಾಸ್‌ವರ್ಡ್‌ನ ಅಕೌಂಟನ್ನು ವಿಂಡೋಸ್ ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ.

ಇದೆಲ್ಲ ತಾಪತ್ರಯ ಬೇಡ ಅಂತ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅನ್ನೇ ಆಫ್ ಮಾಡಿದೆ. ಆಗ ಮೇಲಿನ ಕಂಪ್ಯೂಟರ್ ಮತ್ತೊಂದು ರಾಗ ತೆಗೆಯಿತು. ನಿಮ್ಮ ಸಂಸ್ಥೆಯ ಭದ್ರತಾ ನಿಯಮ ಗುರುತಿಲ್ಲದ ಅತಿಥಿಗಳನ್ನು ಬಿಡುವುದಿಲ್ಲ, ಅಂತ. ನಮ್ಮ ಮನೆಯಲ್ಲಿ ಸಂಸ್ಥೆ ಅಂದರೆ ನಮ್ಮಾಕಿ ಒಬ್ಬಳೇ. ಅವಳನ್ನು ಕೇಳಿದರೆ "ನಾ ಏನೂ ಮಾಡಿಲ್ರಿ" ಅಂದಳು. ನಿಜ ಏನೆಂದರೆ ವಿಂಡೋಸ್ 11 ಪ್ರೊದ 24ಎಚ್2 ಆವೃತ್ತಿಯಿಂದ ಈಚೆಗೆ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ ಹೋಗುವ ದಾರಿಯನ್ನು ಮೊದಲೇ ಮುಚ್ಚಿಟ್ಟಿರುತ್ತಾರೆ. ಆಚೆಗಿನ ಕಂಪ್ಯೂಟರ್ ಬಾ ಅಂದರೂ ಇದು ಹೋಗುವುದಿಲ್ಲ. ಅದನ್ನು ತೆರೆಯುವ ಉಪಾಯ ಇದೆ, ಆದರೆ ನಾನು ಮಾಡಲಿಲ್ಲ. ಫೈಲ್ ಹಂಚುವ ಹಳೇ ಪದ್ಧತಿಯಾದ ಎಸ್‌ಎಂಬಿ 1 ಅನ್ನು ಮತ್ತೆ ಆನ್ ಮಾಡಿ ಅಂತ ಹೇಳುವ ವಿಡಿಯೋಗಳೂ ಬೇಕಾದಷ್ಟಿವೆ. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ವೈರಸ್ ಜಗತ್ತೆಲ್ಲ ಹರಡಿದ್ದು ಅದೇ ಕಿಂಡಿಯಿಂದ.

ನಾನು ಮಾಡಿದ್ದು ಇಷ್ಟು. ಶೇರಿಂಗ್ ಅನ್ನು ಮತ್ತೆ ಪಾಸ್‌ವರ್ಡ್ ಸಮೇತ ಆನ್ ಮಾಡಿದೆ. ಕೆಳಗಿನ ಕಂಪ್ಯೂಟರಿನಲ್ಲಿ 'ಅಂಗಡಿ' ಅಂತ ಹೊಸ ಲೋಕಲ್ ಅಕೌಂಟ್ ತೆರೆದೆ. ಮೈಕ್ರೋಸಾಫ್ಟ್ ಅಕೌಂಟ್ ಅಲ್ಲ, ಅಡ್ಮಿನ್ ಅಲ್ಲ, ಸಾದಾ ಅಕೌಂಟ್. ಅದಕ್ಕೊಂದು ಗಟ್ಟಿ ಪಾಸ್‌ವರ್ಡ್. ಅದರಲ್ಲಿ ಯಾರೂ ಲಾಗಿನ್ ಆಗಿ ಕೂರುವುದಿಲ್ಲ, ಮೇಲಿನಿಂದ ಬರುವುದಕ್ಕಷ್ಟೇ. ಮೇಲೆ ಹೆಸರು ಕೇಳಿದಾಗ ಬರೀ ಅಂಗಡಿ ಅಂತ ಹೊಡೆಯಬಾರದು. ಕೆಳಗಿನ ಕಂಪ್ಯೂಟರಿನ ಹೆಸರು, ಆಮೇಲೆ ಬ್ಯಾಕ್‌ಸ್ಲ್ಯಾಶ್, ಆಮೇಲೆ ಅಂಗಡಿ. ಯಾವ ಮನೆಯ ಅಂಗಡಿ ಅಂತ ಹೇಳಬೇಕಲ್ವಾ.

ಇಲ್ಲೂ ಒಂದು ಗಂಟು. ನಾನು ಮುಂಚೆ ಹೊಡೆದು ಉಳಿಸಿದ್ದ ತಪ್ಪು ಹೆಸರು ಮೇಲಿನ ಯಂತ್ರದಲ್ಲಿ ಹೆಸರು, ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಕೂತಿತ್ತು. ಹೊಸದನ್ನು ಕೊಟ್ಟರೆ, ಒಂದೇ ಕಂಪ್ಯೂಟರಿಗೆ ಎರಡು ಹೆಸರಿನಿಂದ ಹೋಗುವಂತಿಲ್ಲ ಅಂತ ಜಗಳ. ಕಂಟ್ರೋಲ್ ಪ್ಯಾನಲ್‌ನಲ್ಲಿ ಆ ಹಳೇ ನಮೂದು ಅಳಿಸಿದೆ. ಕಮಾಂಡ್ ಪ್ರಾಂಪ್ಟ್‌ನಲ್ಲಿ ನೆಟ್ ಯೂಸ್ ಬರೆದು, ಮುಂದೆ ಸ್ಟಾರ್ ಗುರುತು, ಅದರ ಮುಂದೆ ಸ್ಲ್ಯಾಶ್ ಡಿಲೀಟ್ ಹಾಕಿ ಹಳೇ ಸಂಪರ್ಕವನ್ನೆಲ್ಲ ಕಡಿದೆ. ಲಾಗೌಟ್ ಆಗಿ ಬಂದೆ. 'ಕೆಲಸ' ಫೋಲ್ಡರ್ ತೆರೆಯಿತು!

ತೆರೆಯಿತು ಅಂದರೆ, ಅರ್ಧ ತೆರೆಯಿತು. 2023ರ ಕಾರ್ಡುಗಳ ಫೋಲ್ಡರ್ ಒತ್ತಿದರೆ ನಿಮಗೆ ಅನುಮತಿ ಇಲ್ಲ. ಈ ವರ್ಷದ್ದು ತೆರೆಯುತ್ತದೆ, ಆದರೆ ತಿದ್ದಿ ಸೇವ್ ಒತ್ತಿದರೆ ಆಗುವುದಿಲ್ಲ. ಅಣ್ಣನ ಮಗನಿಗೆ ಫೋನ್ ಮಾಡಿದೆ. "ಕಾಕಾ, ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟ ಬಿಡ್ರಿ, ಮುಗೀತು" ಅಂದ. ಕೊಟ್ಟೆ. ಹಳೇ ಫೋಲ್ಡರ್ ಆಗಲೂ ಅನುಮತಿ ಇಲ್ಲ ಅಂತಲೇ ಅಂತು. ಎಲ್ಲರಿಗೂ ಎಲ್ಲವನ್ನೂ ಕೊಟ್ಟ ಮೇಲೂ ಇಲ್ಲ ಅಂದರೆ ಸಿಟ್ಟು ಬರುವುದಿಲ್ಲವೇ?

ಮೂರನೆಯ ದಿನ ಕೂತು ಸಮಾಧಾನದಿಂದ ನೋಡಿದಾಗ ತಿಳಿಯಿತು. ಒಂದು ಫೋಲ್ಡರಿಗೆ ಇರುವುದು ಒಂದು ಕೀಲಿ ಅಲ್ಲ, ಎರಡು. ಹಳೇ ಊರಿನ ನಮ್ಮ ಮನೆಗೆ ದೊಡ್ಡ ತಲಬಾಗಿಲು ಇತ್ತು. ಹಗಲೆಲ್ಲ ತೆರೆದೇ ಇರುತ್ತಿತ್ತು. ಆದರೆ ಒಳಗಿನ ಕಾಳಿನ ಕೋಣೆಗೆ ಬೇರೆ ಕೀಲಿ, ಅದು ಅಮ್ಮನ ಸೊಂಟದಲ್ಲಿ. ಇಲ್ಲೂ ಹಾಗೆಯೇ. ಪ್ರಾಪರ್ಟೀಸ್‌ನ ಶೇರಿಂಗ್ ಟ್ಯಾಬ್‌ನಲ್ಲಿ ಅಡ್ವಾನ್ಸ್ಡ್ ಶೇರಿಂಗ್ ಒಳಗೆ ಇರುವುದು ತಲಬಾಗಿಲು. ನೆಟ್‌ವರ್ಕ್‌ನಿಂದ ಬರುವವರಿಗೆ ಮಾತ್ರ ಅದು. ಪಕ್ಕದ ಸೆಕ್ಯುರಿಟಿ ಟ್ಯಾಬ್ ಒಳಗಿನ ಕೋಣೆ. ಅದು ನೆಟ್‌ವರ್ಕ್‌ನವರಿಗೂ ಲೆಕ್ಕ, ಕಂಪ್ಯೂಟರ್ ಮುಂದೆ ಕೂತವರಿಗೂ ಲೆಕ್ಕ. ಮೇಲಿನಿಂದ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನಾನು ಎವ್ರಿಒನ್‌ಗೆ ಫುಲ್ ಕಂಟ್ರೋಲ್ ಕೊಟ್ಟದ್ದು ತಲಬಾಗಿಲಲ್ಲಿ. ಕೋಣೆಗೆ ಕೀಲಿ ಹಾಗೇ ಇತ್ತು.

ಸೇವ್ ಆಗದ್ದು ಯಾಕೆ ಅನ್ನುವುದೂ ಈಗ ಗೊತ್ತಾಯಿತು. ಅಡ್ವಾನ್ಸ್ಡ್ ಶೇರಿಂಗ್‌ನಿಂದ ಫೋಲ್ಡರ್ ಹಂಚಿದಾಗ ವಿಂಡೋಸ್ ತಾನಾಗಿಯೇ ಕೊಡುವುದು ಎವ್ರಿಒನ್‌ಗೆ ರೀಡ್ ಮಾತ್ರ. ನೋಡಬಹುದು, ಮುಟ್ಟುವಂತಿಲ್ಲ. ಅದನ್ನು ತಲಬಾಗಿಲಲ್ಲಿ ಸಡಿಲಿಸಿದ್ದೆ, ಸೆಕ್ಯುರಿಟಿಯಲ್ಲಿ ಅಂಗಡಿಯ ಹೆಸರೇ ಇರಲಿಲ್ಲ. ಎಲ್ಲ ಯೂಸರ್‌ಗಳಿಗೂ ಇದ್ದ ಓದುವ ಹಕ್ಕಿನ ಮೇಲೆ ಅದು ಬರುತ್ತಿತ್ತು.

2023ರ ಫೋಲ್ಡರಿನ ಸೆಕ್ಯುರಿಟಿ ಟ್ಯಾಬ್ ತೆರೆದರೆ ಹೆಸರಿರಬೇಕಾದ ಜಾಗದಲ್ಲಿ ಎಸ್-1-5-21 ಅಂತ ಶುರುವಾಗುವ ಉದ್ದನೆಯ ಅಂಕಿಗಳ ಸಾಲು. ಅಕೌಂಟ್ ಅನ್‌ನೋನ್ ಅಂತ ಅದರ ಪಕ್ಕ. ಅದು ನಾನೇ! ಸತ್ತುಹೋದ ಹಳೇ ಕಂಪ್ಯೂಟರಿನ ನಾನು. ವಿಂಡೋಸ್ ನಮ್ಮನ್ನು ಹೆಸರಿನಿಂದ ಗುರುತಿಸುವುದಿಲ್ಲ, ಈ ನಂಬರಿನಿಂದ ಗುರುತಿಸುತ್ತದೆ. ಹೊಸ ಯಂತ್ರದಲ್ಲಿ ಅದೇ ಹೆಸರಿನ ಅಕೌಂಟ್ ತೆರೆದರೂ ನಂಬರ್ ಬೇರೆ. ಡಿಸ್ಕ್ ಮಾತ್ರ ಹಳೇ ನಂಬರನ್ನೇ ಮಾಲೀಕ ಅಂತ ನೆನಪಿಟ್ಟುಕೊಂಡಿರುತ್ತದೆ.

ಸೆಕ್ಯುರಿಟಿಯಲ್ಲಿ ಅಡ್ವಾನ್ಸ್ಡ್ ಒತ್ತಿ, ಓನರ್ ಪಕ್ಕದ ಚೇಂಜ್‌ನಲ್ಲಿ ನನ್ನ ಈಗಿನ ಅಕೌಂಟ್ ಹಾಕಿದೆ. ಒಳಗಿನ ಫೋಲ್ಡರ್‌ಗಳ ಓನರನ್ನೂ ಬದಲಿಸು ಅನ್ನುವ ಚೌಕಕ್ಕೆ ಟಿಕ್. ಓಕೆ ಒತ್ತಿ ಹೊರಬಂದು, ಮತ್ತೆ ಒಳಹೋಗಿ ಅಂಗಡಿಗೆ ಮಾಡಿಫೈ, ಅಂದರೆ ತಿದ್ದುವ ಹಕ್ಕು ಕೊಟ್ಟೆ. ಫುಲ್ ಕಂಟ್ರೋಲ್ ಬೇಕಿಲ್ಲ, ಅದರಲ್ಲಿ ಪರ್ಮಿಷನ್ ಬದಲಿಸುವ ಹಕ್ಕೂ ಸೇರಿರುತ್ತದೆ. ಕೊನೆಗೆ ಒಳಗಿನ ಎಲ್ಲದಕ್ಕೂ ಇದೇ ಪರ್ಮಿಷನ್ ಹಾಕು ಅನ್ನುವ ಟಿಕ್. ಹಸಿರು ಪಟ್ಟಿ ಓಡಿತು, ಸಾವಿರಾರು ಫೈಲ್. ಈ ಕೊನೆಯ ಟಿಕ್ ಹುಷಾರು. ನಾನು ಒಂದೊಂದೇ ವರ್ಷದ ಫೋಲ್ಡರಿಗೆ ಹಾಕಿದೆ. ಮೇಲಿನ 'ಕೆಲಸ'ಕ್ಕೇ ಹಾಕಿದ್ದರೆ ಅದರೊಳಗೆ ನನಗೆ ಮಾತ್ರ ಅಂತ ಇಟ್ಟಿದ್ದ 'ಲೆಕ್ಕ' ಫೋಲ್ಡರೂ ತೆರೆದುಬಿಡುತ್ತಿತ್ತು. ಇನ್ನು ಸಿ ಡ್ರೈವ್ ಮೇಲೆ ಈ ಆಟ ಆಡಿದರೆ ವಿಂಡೋಸೇ ಮಲಗಬಹುದು. ತಲಬಾಗಿಲಲ್ಲೂ ಎವ್ರಿಒನ್ ತೆಗೆದು ಅಂಗಡಿ ಒಂದನ್ನೇ ಇಟ್ಟು, ಚೇಂಜ್ ಕೊಟ್ಟೆ.

ಅಡ್ವಾನ್ಸ್ಡ್ ಒಳಗೇ ಎಫೆಕ್ಟಿವ್ ಆಕ್ಸೆಸ್ ಅಂತ ಒಂದು ಟ್ಯಾಬ್ ಇದೆ. ಅಂಗಡಿ ಅಂತ ಹೆಸರು ಕೊಟ್ಟರೆ ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ಪಟ್ಟಿ ತೋರಿಸುತ್ತದೆ. ಇದು ಮೊದಲ ದಿನವೇ ಗೊತ್ತಿದ್ದರೆ ಎಷ್ಟು ಮೆಟ್ಟಿಲು ಉಳಿಯುತ್ತಿತ್ತು!

ಎಲ್ಲ ಸರಿ ಆಯಿತು ಅಂದುಕೊಂಡು ವಾರ ಕಳೆದಿರಲಿಲ್ಲ. "ಏನ್ರಿ, ಈ ಒಂದ ಕಾರ್ಡ್ ಅಷ್ಟ ಬರವಲ್ದು." ಅದೇ ಫೋಲ್ಡರಿನ ಹತ್ತು ಫೈಲ್ ತೆರೆಯುತ್ತವೆ, ಒಂದು ಮಾತ್ರ ಇಲ್ಲ. ಆ ಕಾರ್ಡನ್ನು ಗಡಿಬಿಡಿಯಲ್ಲಿ ಅಡ್ವಾನ್ಸ್ ಚೀಟಿಯ ಜೊತೆ 'ಲೆಕ್ಕ'ದಲ್ಲಿ ಸೇವ್ ಮಾಡಿದ್ದೆ. ಆಮೇಲೆ ಕಟ್ ಮಾಡಿ ಈ ಫೋಲ್ಡರಿಗೆ ಪೇಸ್ಟ್ ಮಾಡಿದೆ. ಒಂದೇ ಡ್ರೈವ್ ಒಳಗೆ ಕಟ್-ಪೇಸ್ಟ್ ಮಾಡಿದರೆ ಫೈಲ್ ತನ್ನ ಹಳೇ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಕಾಪಿ ಮಾಡಿದರೆ ಹಾಗಲ್ಲ, ಹೊಸ ಫೋಲ್ಡರಿನ ಪರ್ಮಿಷನ್ ಹಿಡಿಯುತ್ತದೆ. ಅಲ್ಲೇ ಒಂದು ಕಾಪಿ ತೆಗೆದು ಹಳೇದನ್ನು ಅಳಿಸಿದೆ, ತೆರೆಯಿತು. ಈಗ 'ಲೆಕ್ಕ'ದಿಂದ ಏನು ತೆಗೆದರೂ ಕಾಪಿಯೇ.

ಸಣ್ಣಪುಟ್ಟ ಕೆಲಸ ಇನ್ನೂ ಇದ್ದವು. 'ಕೆಲಸ' ಫೋಲ್ಡರನ್ನು ಮೇಲೆ ಝಡ್ ಡ್ರೈವ್ ಅಂತ ಜೋಡಿಸಿದ್ದೆ. ಕೆಳಗಿನದು ನಿದ್ದೆಗೆ ಹೋದರೆ ಅದಕ್ಕೆ ಕೆಂಪು ಗುರುತು ಬೀಳುತ್ತದೆ, ಅದಕ್ಕೆ ಸ್ಲೀಪ್ ಆಫ್ ಮಾಡಿದೆ. ಕರೆಂಟ್ ಹೋಗಿ ಬಂದಾಗ ಐಪಿ ಬದಲಾಗದಂತೆ ರೌಟರಿನಲ್ಲಿ ಕೆಳಗಿನದಕ್ಕೆ ಒಂದೇ ನಂಬರ್ ಕಟ್ಟಿಟ್ಟೆ. ಹಿಂದೊಮ್ಮೆ ಯಾವುದೋ ಫೋಲ್ಡರಿಗೆ ಎವ್ರಿಒನ್ ಡಿನೈ ಅಂತ ಟಿಕ್ ಮಾಡಿದ್ದೆ, ಎಲ್ಲರೂ ಅಂದರೆ ನಾನೂ ಸೇರಿ ಅನ್ನುವುದು ನನ್ನನ್ನೇ ಹೊರಗೆ ಹಾಕಿದ ಮೇಲೆ ಹೊಳೆದಿತ್ತು. ಅದನ್ನೂ ತೆಗೆದೆ.

ಮೊನ್ನೆ ಸಂಜೆ ಮೇಲಿನಿಂದ ಕೂಗು ಬರಲಿಲ್ಲ. ನಮ್ಮಾಕಿಯೇ ಇಳಿದು ಬಂದಳು. ವಿಂಡೋಸ್ ಬೀಗ ಹಾಕಿದ ಫೋಲ್ಡರನ್ನು ಬಚ್ಚಿಡುವುದಿಲ್ಲ, ಹೆಸರು ಕಾಣುತ್ತಲೇ ಇರುತ್ತದೆ ಅನ್ನುವುದು ನನ್ನ ತಲೆಗೆ ಬಂದಿರಲಿಲ್ಲ.

"ಏನ್ರಿ, ಎಲ್ಲಾ ತೆರೀತಾವು. ಆ ಲೆಕ್ಕ ಅನ್ನೂದ ಯಾಕ ನನಗ ಪರ್ಮಿಷನ್ ಇಲ್ಲ ಅಂತೈತಿ?"

ಅದು ಹಳೇ ಕಂಪ್ಯೂಟರಿನ ದೋಷ ಅಂತ ಹೇಳಿ ನೋಡಿದೆ. ಮೂರು ದಿನ ನನ್ನ ಜೊತೆಗೇ ಕೂತು ತಲಬಾಗಿಲು, ಕೋಣೆ ಬಾಗಿಲು ಎಲ್ಲ ಕೇಳಿದ್ದಾಳೆ, ನಂಬಲಿಲ್ಲ. ಅವಳ ಎದುರೇ ಸೆಕ್ಯುರಿಟಿ ಟ್ಯಾಬ್ ತೆರೆದು ಅಂಗಡಿಗೆ ರೀಡ್ ಕೊಟ್ಟೆ.

"ಮಾಡಿಫೈ ಕೊಡ್ರಿ" ಅಂದಳು.