350ರ ಬ್ಲಾಕಿನಲ್ಲಿ 383ರ ಎಂಜಿನ್ ಕಟ್ಟುವುದು ಹೇಗೆ?

ನಮ್ಮ ಅಂಬಾಸಿಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಎಂಜಿನ್ ನೆನಪಿದೆಯಲ್ವಾ? ಅದು ಇಂಗ್ಲೆಂಡಿನ ಬಿಎಂಸಿ ಕಂಪನಿಯ ಬಿ-ಸೀರೀಸ್ ಮನೆತನದ್ದು. ಅದರ ಒಡಹುಟ್ಟಿದವರಲ್ಲಿ ಒಂದು 1622 ಸಿಸಿ, ಇನ್ನೊಂದು ಎಂಜಿಬಿ ಸ್ಪೋರ್ಟ್ಸ್ ಕಾರಿನ 1798 ಸಿಸಿ. ಮೂರರಲ್ಲೂ ಪಿಸ್ಟನ್ ಓಡುವ ದೂರ, ಅಂದರೆ ಸ್ಟ್ರೋಕ್, ಒಂದೇ: 88.9 ಮಿ.ಮೀ. ಹಿಗ್ಗಿದ್ದು ಸಿಲಿಂಡರಿನ ಅಗಲ, ಅಂದರೆ ಬೋರ್. 73ರಿಂದ 76.2ಕ್ಕೆ, ಅಲ್ಲಿಂದ 80.26 ಮಿ.ಮೀ.ಗೆ. ಕೊನೆಯದಕ್ಕೆ ಬರುವಷ್ಟರಲ್ಲಿ ಜಾಗವೇ ಸಾಲಲಿಲ್ಲ. ಸಿಲಿಂಡರ್‌ಗಳನ್ನು ಎರಡೆರಡಾಗಿ ಅಂಟಿಕೊಂಡಂತೆ ಎರಕ ಹೊಯ್ಯಬೇಕಾಯಿತು. ಜೋಡಿಯ ನಡುವೆ ನೀರು ಹರಿಯಲು ಸಂದೇ ಇಲ್ಲ.

ಹೀಗೆ ಎಂಜಿನ್ ಹಿಗ್ಗಿಸುವ ಕೆಲಸವನ್ನು ಕಂಪನಿ ಕಾರ್ಖಾನೆಯಲ್ಲಿ ಮಾಡಿದರೆ, ಅಮೆರಿಕದ ಗ್ಯಾರೇಜುಗಳಲ್ಲಿ ಲೇತ್ ಮತ್ತು ಬೋರಿಂಗ್ ಮಷೀನ್ ಇಟ್ಟುಕೊಂಡು ಮಾಡುತ್ತಾರೆ. ಅಲ್ಲಿನ ಅತಿ ಜನಪ್ರಿಯ ಪಾಕ ಷೆವರ್ಲೆ ಸ್ಮಾಲ್ ಬ್ಲಾಕ್ ವಿ8ನದು, ಅಂದರೆ ಎಂಟು ಸಿಲಿಂಡರಿನ ಎಂಜಿನ್‌ನದು. 1955ರಲ್ಲಿ 265 ಘನ ಇಂಚಿನಿಂದ ಶುರುವಾದ ಈ ಎಂಜಿನ್ 1967ರಲ್ಲಿ 350, 1970ರಲ್ಲಿ 400 ಘನ ಇಂಚಿಗೆ ಬೆಳೆಯಿತು. 400ರ ಕ್ರ್ಯಾಂಕನ್ನು, ಅಂದರೆ ಪಿಸ್ಟನ್‌ಗಳ ಏರಿಳಿತವನ್ನು ತಿರುಗಾಟ ಮಾಡುವ ದಂಡವನ್ನು, ಬೋರ್ ಒಂಚೂರು ಹಿಗ್ಗಿಸಿದ 350ರ ಬ್ಲಾಕಿಗೆ (ಸಿಲಿಂಡರ್‌ಗಳಿರುವ ಎರಕದ ಒಡಲಿಗೆ) ಕೂರಿಸಿದರೆ 383. ಲೀಟರಿನಲ್ಲಿ ಹೇಳಿದರೆ 5.7ರಿಂದ ಸುಮಾರು 6.3.

ಮೊದಲು ಲೆಕ್ಕ

350ರ ಬೋರ್ 4 ಇಂಚು, ಸ್ಟ್ರೋಕ್ 3.48 ಇಂಚು. ಬೋರನ್ನು 30 ಓವರ್‌ಸೈಜ್ ಮಾಡಿದರೆ, ಅಂದರೆ 4.030 ಇಂಚಿಗೆ ತಂದರೆ, ಸಿಗುವುದು ಬರೀ 355 ಘನ ಇಂಚು. ಅಷ್ಟೇ! ಅದಕ್ಕೇ ಸ್ಟ್ರೋಕ್ ಹೆಚ್ಚಿಸುವುದು. 400ರ ಕ್ರ್ಯಾಂಕಿನ ಸ್ಟ್ರೋಕ್ 3.75 ಇಂಚು. ಉಳಿದ 28 ಘನ ಇಂಚು ಬರುವುದು ಅಲ್ಲಿಂದ.

ಬ್ಲಾಕನ್ನು ನಂಬಬೇಡಿ, ಅಳೆಯಿರಿ

ಹಳೆಯ ಬ್ಲಾಕನ್ನು ಕುದಿಸಿ ತೊಳೆದು, ಬಿರುಕು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಆಮೇಲೆ ಅಲ್ಟ್ರಾಸಾನಿಕ್ ಮೀಟರಿನಿಂದ ಪ್ರತಿ ಸಿಲಿಂಡರಿನ ಗೋಡೆಯ ದಪ್ಪ ಅಳೆಸಿ. ಎರಕ ಹೊಯ್ಯುವಾಗ ಮರಳಿನ ಅಚ್ಚು ಒಂಚೂರು ಸರಿದಿದ್ದರೂ ಒಂದು ಕಡೆ ಗೋಡೆ ದಪ್ಪ, ಇನ್ನೊಂದು ಕಡೆ ತೆಳು. ಹೊರಗಿನಿಂದ ಇದು ಕಾಣಿಸುವುದೇ ಇಲ್ಲ. ಬೋರಿಂಗ್ ಆದ ಮೇಲೂ 2.5ರಿಂದ 3 ಮಿ.ಮೀ. ಉಳಿಯುವುದಿಲ್ಲ ಅನಿಸಿದರೆ ಬೇರೆ ಬ್ಲಾಕ್ ಹುಡುಕಿ. ಈ ಪರೀಕ್ಷೆಯ ಖರ್ಚು ಉಳಿಸುವವರನ್ನು ಕಂಡರೆ ನನಗೆ ಅಚ್ಚರಿ. ಇದಕ್ಕಿಂತ ಅಗ್ಗದ ವಿಮೆ ಇನ್ನೊಂದಿಲ್ಲ.

ಬೋರಿಂಗ್ ಮಾಡುವವರಿಗೆ ಪಿಸ್ಟನ್‌ಗಳನ್ನು ಮೊದಲೇ ಕೊಟ್ಟುಬಿಡಿ. ಪ್ರತಿ ಪಿಸ್ಟನ್ ಅಳೆದು, ಅದಕ್ಕೆ ತಕ್ಕಂತೆ ಹೋನಿಂಗ್, ಅಂದರೆ ಸಿಲಿಂಡರನ್ನು ಕಲ್ಲಿನಿಂದ ನಯವಾಗಿ ಉಜ್ಜುವ ಕೆಲಸ, ಮಾಡಬೇಕು. ಆ ಹೊತ್ತಿಗೆ ಬ್ಲಾಕಿನ ಮೇಲೆ ದಪ್ಪನೆಯ ಉಕ್ಕಿನ ಪ್ಲೇಟ್ ಬಿಗಿದಿರಬೇಕು. ಹೆಡ್ ಬೋಲ್ಟ್ ಬಿಗಿದಾಗ ಸಿಲಿಂಡರ್ ಹೇಗೆ ಸೊಟ್ಟಗಾಗುತ್ತದೋ ಅದೇ ಸ್ಥಿತಿಯಲ್ಲಿ ಉಜ್ಜಿದರೆ, ಓಡುವಾಗ ದುಂಡಗಿರುತ್ತದೆ.

ಕ್ರ್ಯಾಂಕ್ ಸಲೀಸಾಗಿ ಕೂರುವುದಿಲ್ಲ

400ರ ಕ್ರ್ಯಾಂಕಿನ ಮೇನ್ ಜರ್ನಲ್, ಅಂದರೆ ಬ್ಲಾಕಿನ ಬೇರಿಂಗಿನಲ್ಲಿ ತಿರುಗುವ ಭಾಗ, 2.65 ಇಂಚು. 350ರ ಬ್ಲಾಕಿನಲ್ಲಿ ಇರುವ ಜಾಗ 2.45 ಇಂಚಿನ ಜರ್ನಲ್‌ಗೆ. ಹಾಗಾಗಿ 0.2 ಇಂಚು ಕಡಿಮೆ ಮಾಡಲು ಗ್ರೈಂಡಿಂಗ್‌ಗೆ ಕೊಡಬೇಕು. ಈಗ ಆ ಅಳತೆಯ ರೆಡಿಮೇಡ್ ಕ್ರ್ಯಾಂಕೇ ಸಿಗುತ್ತದೆ. ಕೊಳ್ಳುವ ಮೊದಲು ಬ್ಲಾಕಿನ ವರ್ಷ ನೋಡಿ: 1985ರವರೆಗಿನ ಬ್ಲಾಕಿಗೆ ಹಿಂಬದಿಯ ಆಯಿಲ್ ಸೀಲ್ ಎರಡು ತುಂಡು, 1986ರಿಂದ ಒಂದೇ ತುಂಡು. ಒಂದರ ಕ್ರ್ಯಾಂಕ್ ಇನ್ನೊಂದಕ್ಕೆ ಹಾಗೆಯೇ ಹೊಂದುವುದಿಲ್ಲ.

ಇನ್ನು ಎತ್ತರದ ತಕರಾರು. ಕ್ರ್ಯಾಂಕಿನ ನಡುವಿನಿಂದ ಬ್ಲಾಕಿನ ಮೇಲ್ಮೈಗೆ 9.025 ಇಂಚು. ಸ್ಟ್ರೋಕಿನ ಅರ್ಧ 1.875, ಕ್ರ್ಯಾಂಕಿಗೂ ಪಿಸ್ಟನ್‌ಗೂ ಕೊಂಡಿಯಾದ ರಾಡ್ 5.7, ಹಳೆಯ ಪಿಸ್ಟನ್‌ನಲ್ಲಿ ರಾಡ್ ಸೇರುವ ಪಿನ್‌ನಿಂದ ತಲೆಯವರೆಗೆ 1.56. ಕೂಡಿಸಿದರೆ 9.135! ಪಿಸ್ಟನ್ ಬ್ಲಾಕಿನಿಂದ ಹೊರಗೆ ತಲೆ ಹಾಕುತ್ತದೆ. ಹಿಂದಿನವರ ಉಪಾಯ 400ರ ಗಿಡ್ಡ ರಾಡ್, 5.565 ಇಂಚಿನದು. ಆಗ ಮೊತ್ತ ಸರಿಯಾಗಿ 9.000. ಆದರೆ ರಾಡ್ ಗಿಡ್ಡವಾದಷ್ಟೂ ಪಿಸ್ಟನ್ ಗೋಡೆಗೆ ಜಾಸ್ತಿ ಒರಗುತ್ತದೆ. ಈಗಿನವರು 5.7ರ ರಾಡನ್ನೇ ಉಳಿಸಿಕೊಂಡು, ಪಿನ್ ಮೇಲಕ್ಕೆ ಇರುವ 1.425 ಇಂಚಿನ ಪಿಸ್ಟನ್ ಹಾಕುತ್ತಾರೆ. ನನ್ನ ಓಟೂ ಇದಕ್ಕೇ.

ಒಳಗೆ ಜಾಗ ಮಾಡುವುದು

ಉದ್ದ ಸ್ಟ್ರೋಕಿನ ಕ್ರ್ಯಾಂಕ್ ತಿರುಗುವಾಗ ರಾಡ್ ಬೋಲ್ಟಿನ ತಲೆ ಬ್ಲಾಕಿನ ಕೆಳ ಅಂಚಿಗೆ ತಾಗುತ್ತದೆ. ಮೇಲೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿಗೂ ತಾಗಬಹುದು. ಪಿಸ್ಟನ್ ರಿಂಗ್ ಹಾಕದೆ ಎಲ್ಲ ಒಮ್ಮೆ ಜೋಡಿಸಿ, ಕೈಯಲ್ಲಿ ನಿಧಾನವಾಗಿ ತಿರುಗಿಸಿ. ತಾಗುವ ಕಡೆ ಗುರುತು ಹಾಕಿ. ಬಿಚ್ಚಿ, ಗ್ರೈಂಡರ್‌ನಿಂದ ತೆಗೆದು, ಮತ್ತೆ ಜೋಡಿಸಿ. ಕನಿಷ್ಠ 1.3 ಮಿ.ಮೀ. ಸಂದು ಬರುವ ತನಕ ಇದೇ ಕೆಲಸ. ಅವಸರದಲ್ಲಿ ಆಳಕ್ಕೆ ಹೋದರೆ ನೀರಿನ ಕೋಣೆಗೆ ತೂತು ಬೀಳುತ್ತದೆ, ಬ್ಲಾಕ್ ಗುಜರಿಗೆ. ವಾಲ್ವ್ ಮತ್ತು ಪಿಸ್ಟನ್ ನಡುವಿನ ಸಂದಿಗೆ ಮಕ್ಕಳು ಆಡುವ ಜೇಡಿಮಣ್ಣು ಸಾಕು. ಪಿಸ್ಟನ್ ತಲೆ ಮೇಲೆ ಮೆತ್ತಿ, ಎಂಜಿನ್ ಎರಡು ಸುತ್ತು ತಿರುಗಿಸಿ, ಹೆಡ್ ತೆಗೆದು ಮಣ್ಣಿನ ದಪ್ಪ ಅಳೆಯಿರಿ.

ಕಂಪ್ರೆಶನ್ ಲೆಕ್ಕವನ್ನೂ, ಅಂದರೆ ಸಿಲಿಂಡರಿನ ಮಿಶ್ರಣ ಎಷ್ಟು ಪಟ್ಟು ಕುಗ್ಗುತ್ತದೆ ಎಂಬುದನ್ನೂ, ಹೊಸದಾಗಿ ಹಾಕಿ. ಸಿಲಿಂಡರ್ ದೊಡ್ಡದಾಗಿದೆ, ಹೆಡ್‌ನಲ್ಲಿ ಇಂಧನ ಉರಿಯುವ ತಗ್ಗು ಗುಂಡಿ ಅಷ್ಟೇ ಇದೆ. ಒತ್ತಡ ತಾನಾಗಿ ಏರುತ್ತದೆ. 76 ಸಿಸಿ ಗುಂಡಿಯ ಹೆಡ್, ತಟ್ಟೆಯಂತೆ ತಗ್ಗಿರುವ ಪಿಸ್ಟನ್ ಇದ್ದರೆ 9ರ ಒಳಗೆ ಇರಬಹುದು. 64 ಸಿಸಿ ಹೆಡ್, ಚಪ್ಪಟೆ ಪಿಸ್ಟನ್ ಹಾಕಿದರೆ 10 ದಾಟುತ್ತದೆ. ಆಗ ಸಾದಾ ಪೆಟ್ರೋಲಿಗೆ ಎಂಜಿನ್ ಟಕಟಕ ಎನ್ನಲು ಶುರು.

ಬ್ಯಾಲೆನ್ಸ್ ಮರೆಯಬೇಡಿ. 400ರ ಕ್ರ್ಯಾಂಕಿನ ತೂಕ ಸರಿದೂಗಿಸುವುದು ಕ್ರ್ಯಾಂಕಿನ ಮುಂದಿನ ತುದಿಯ ಚಕ್ರವಾದ ಡ್ಯಾಂಪರ್ ಮತ್ತು ಹಿಂದಿನ ಫ್ಲೈವೀಲ್ ಎರಡೂ ಸೇರಿ. 350ರದ್ದು ಹಾಕಿದರೆ ಕಾರು ಜ್ವರ ಬಂದವರ ಹಾಗೆ ನಡುಗುತ್ತದೆ.

ಜೋಡಣೆ, ಮೊದಲ ಸ್ಟಾರ್ಟ್

ಹೋನಿಂಗ್ ಪುಡಿ ಹೋಗುವಂತೆ ಬಿಸಿ ಸೋಪಿನ ನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಬಿಳಿ ಬಟ್ಟೆಯಲ್ಲಿ ಒರೆಸಿದಾಗ ಬಟ್ಟೆ ಬಿಳಿಯಾಗಿಯೇ ಇರಬೇಕು. ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಕಣ್ಣೆದುರಿಗೇ ತುಕ್ಕು ಹಿಡಿಯುತ್ತದೆ. ರಿಂಗಿನ ಬಾಯಿ ಸಂದು ಸುಮಾರು 0.016 ಇಂಚು ಇಡಿ. ರಿಂಗ್ ತಯಾರಕರ ಕಾಗದದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರ್ ತೆಗೆದು, ಡ್ರಿಲ್ ಮಷೀನಿನಿಂದ ಆಯಿಲ್ ಪಂಪ್ ತಿರುಗಿಸಿ. ವಾಲ್ವ್ ಒತ್ತುವ ಪ್ರತಿ ರಾಕರ್‌ನಲ್ಲೂ ಎಣ್ಣೆ ಜಿನುಗಬೇಕು. ಕ್ಯಾಮ್ ಮೇಲೆ ಜಾರುವ ಹಳೇ ಬಗೆಯ ಚಪ್ಪಟೆ ಟ್ಯಾಪೆಟ್ ಇದ್ದರೆ ಸ್ಟಾರ್ಟ್ ಆದ ತಕ್ಷಣ 2000 ಆರ್‌ಪಿಎಂಗೆ ಏರಿಸಿ, ಸತುವಿನ ಅಂಶ ಜಾಸ್ತಿ ಇರುವ ಎಣ್ಣೆಯಲ್ಲಿ 20 ನಿಮಿಷ ಓಡಿಸಿ. ಸುಮ್ನೆ ಐಡಲ್‌ನಲ್ಲಿ ಬಿಟ್ಟರೆ ಕ್ಯಾಮ್ ಸವೆದುಹೋಗುತ್ತದೆ. ಆಮೇಲೆ ಆ ಎಣ್ಣೆ ಬಸಿದು, ಫಿಲ್ಟರ್ ಕತ್ತರಿಸಿ ಬಿಡಿಸಿ ನೋಡಿ. ಬೂದಿಯಂಥ ಪುಡಿ ಸ್ವಲ್ಪ ಇದ್ದರೆ ಚಿಂತೆ ಬೇಡ. ಹೊಳೆಯುವ ಚೂರು ಕಂಡರೆ ಎಂಜಿನ್ ಮತ್ತೆ ಮೇಜಿನ ಮೇಲೆ.